ಒಂಬತ್ತನೆಯ ದೋಣಿ

ಮಾನ್ಯ ಅಧ್ಯಕ್ಷರೂ ಪ್ರಕಾಶಕರೂ ಆದ ಹಿರಿಯರೇ, ಇನ್ನು ಕೆಲವೇ ನಿಮಿಷಗಳಲ್ಲಿ ಈ ಪುಸ್ತಕವನ್ನು ಬಿಡುಗಡೆ ಮಾಡಬೇಕಾಗಿರುವ ಶಿಕ್ಷಣಾಧಿಕಾರಿಗಳೇ, ಶಿಶುವಿಹಾರದ ಮುಖ್ಯೋಪಾಧ್ಯಾಯಿನಿಯವರೇ, ಚಿತ್ರ ಬರೆದ ಕಲಾವಿದೆಯವರೇ, ಅಂದರೆ ನನ್ನ ಸೊಸೆಯೇ, ಮತ್ತು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನನ್ನನ್ನು ಸಹಿಸಿಕೊಳ್ಳಲು ಸಿದ್ಧರಾಗಿರುವ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಾನು ಸ್ವಲ್ಪ ಹೆಚ್ಚು ತೆಗೆದುಕೊಳ್ಳುತ್ತೇನೆ. ಶಿಕ್ಷಣಾಧಿಕಾರಿಗಳಲ್ಲಿ ಒಂದು ವಿನಂತಿ. ತಮ್ಮ ಕೈ ಆಗಲೇ ಆ ಪೊಟ್ಟಣದ ರಿಬ್ಬನ್ನಿನ ಮೇಲಿದೆ. ದಯವಿಟ್ಟು ಅದನ್ನು ಈಗಲೇ ಬಿಚ್ಚಬೇಡಿ. ಕಾರಣ ಹೇಳುತ್ತೇನೆ. ಹೇಳಲೆಂದೇ ನಿಂತಿದ್ದೇನೆ. ಒಂದು ಗುಟುಕು ನೀರು ಕುಡಿಯುತ್ತೇನೆ.

ಸಭಿಕರೇ, ನಾನು ಲೇಖಕನಲ್ಲ. ಮೂವತ್ತೆಂಟು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು. ಬೇರೆಯವರ ತಪ್ಪು ಹುಡುಕಿ ಅನ್ನ ತಿಂದವನು. ಅಭ್ಯಾಸ ಎಂಬುದು ಕೆಲಸದ ಮೇಜಿನ ಮೇಲೆಯೇ ಉಳಿಯುತ್ತದೆಯೇ? ಮನೆಗೂ ಬರುತ್ತದೆ. ನನ್ನ ಮಗ ಹಾಸ್ಟೆಲಿನಲ್ಲಿದ್ದಾಗ ಬರೆಯುತ್ತಿದ್ದ ಕಾಗದಗಳನ್ನು ನಾನು ಕೆಂಪು ಶಾಯಿಯಲ್ಲಿ ತಿದ್ದಿ ಅವನಿಗೇ ವಾಪಸ್ ಕಳಿಸುತ್ತಿದ್ದೆ. ಮೂರನೆಯ ಕಾಗದದ ನಂತರ ಅವನು ಬರೆಯುವುದನ್ನು ಬಿಟ್ಟು ಫೋನ್ ಮಾಡತೊಡಗಿದ. ಅವನ ಅಮ್ಮನಿಗೆ. ನೀವು ನಗುತ್ತಿದ್ದೀರಿ, ಸಂತೋಷ. ನಾನೂ ಇದನ್ನು ನಗೆಮಾತಾಗಿಯೇ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ.

ಪುಸ್ತಕದ ವಿಷಯಕ್ಕೆ ಬರುತ್ತೇನೆ. ರಜೆ ಬಂತೆಂದರೆ ಪುಟ್ಟ ಮಕ್ಕಳು ಎಣಿಕೆ ಮರೆಯುತ್ತಾರೆ ಎಂದು ಮುಖ್ಯೋಪಾಧ್ಯಾಯಿನಿಯವರು ಹೇಳಿದರು. ಕೆರೆಯ ದಡದಲ್ಲಿ ರಜೆ ಕಳೆಯುವ ಒಂದು ಮಗು ಒಂದರಿಂದ ಹತ್ತರವರೆಗೆ ಎಣಿಸುವ ಪುಸ್ತಕ, ಪುಟಪುಟಕ್ಕೂ ಪ್ರಾಸ, ಎಂದು ನಾವು ಯೋಚಿಸಿದೆವು. ಮೊದಲ ಪುಟ ಹೀಗಿದೆ:

ಒಂದು ಚೀಲ ಹೆಗಲ ಮೇಲೆ,
ಎರಡು ಬೀಗ, ಮುಚ್ಚಿತು ಶಾಲೆ.

ಇದನ್ನು ಬರೆದ ದಿನ ನಾನು ಮನೆಯೊಳಗೆಲ್ಲ ಹಾಡಿಕೊಂಡು ತಿರುಗಿದೆ. ನನ್ನ ಮನೆಯವರು ಬಾಗಿಲು ಹಾಕಿಕೊಂಡರು. ಈಗ ಒಂಬತ್ತರ ಪುಟವನ್ನು ಓದುತ್ತೇನೆ. ಓದಲೇಬೇಕು.

ಒಂಬತ್ತು ದೋಣಿ, ನೀರಲಿ ಸಾಲು,
ನಡುವಿನ ಕೆಂಪು ನನ್ನಯ ಪಾಲು.

ಈ ಚಿತ್ರ ಎದುರುಬದುರಿನ ಎರಡು ಪುಟಗಳ ಮೇಲೆ ಹರಡಿಕೊಂಡಿದೆ. ನನ್ನ ಸೊಸೆ ಮೊದಲು ಬರೆದಾಗ ಎಡಕ್ಕೆ ನಾಲ್ಕು, ಬಲಕ್ಕೆ ಐದು ದೋಣಿ ಇಟ್ಟು, ನಡುವೆ ಬರೀ ನೀರು ಬಿಟ್ಟಿದ್ದಳು. ನನಗೆ ಅದು ಸರಿಕಾಣಲಿಲ್ಲ. ಪದ್ಯದಲ್ಲಿ ನಡುವಿನ ದೋಣಿ ಎಂದಿರುವಾಗ ಚಿತ್ರದಲ್ಲಿ ನಡುವೆ ದೋಣಿ ಬೇಡವೇ? ಅವಳು ಮೆತ್ತಗೆ ಹೇಳಿದಳು: "ಮಾವ, ನಡುವೆ ಏನೂ ಇಡಬಾರದು. ಅದು ಪುಟ ಸೇರುವ ಹೊಲಿಗೆಯೊಳಗೆ ಹೋಗುತ್ತೆ. ಮುಂದಿನ ಕೆಂಪು ಅಂತ ಬರೀರಿ, ಪದ್ಯ ಏನೂ ಕೆಡಲ್ಲ."

ಪದ್ಯ ಕೆಡುತ್ತಿರಲಿಲ್ಲ. ಮಾತ್ರೆಯ ಲೆಕ್ಕದಲ್ಲೂ ಸರಿಯಾಗಿತ್ತು. ಅದು ನನಗೆ ಅವತ್ತೇ ಗೊತ್ತಿತ್ತು. ಆದರೂ ನಾನು, ಪ್ರೆಸ್ಸಿನಲ್ಲಿ ಕೂದಲು ಹಣ್ಣಾದವನಿಗೆ ಹೊಲಿಗೆಯ ಪಾಠ ಬೇಡ ಎಂದೆ. ಅವಳು ಕೆಂಪು ದೋಣಿಯನ್ನು ನಡುವೆ ತಂದಿಟ್ಟಳು. ಕರಡು ಬಂದಾಗ ಅದು ಬಿಡಿ ಹಾಳೆಯಾಗಿತ್ತು, ಹೊಲಿಗೆ ಇರಲಿಲ್ಲ. ಪ್ರತಿ ದೋಣಿಯ ಮೇಲೂ ಪೆನ್ಸಿಲಿನಿಂದ ಗೀಟು ಹಾಕಿ ಎಣಿಸಿದೆ. ಒಂಬತ್ತೂ ಇದ್ದವು. ಸರಿಯಿದೆ ಎಂದು ಬರೆದು ರುಜು ಹಾಕಿದೆ.

ಇವತ್ತು ಬೆಳಿಗ್ಗೆ ಹೊಲಿಗೆಯಾದ ಮೊದಲ ಪ್ರತಿ ಮನೆಗೆ ಬಂತು. ನನ್ನ ಮೊಮ್ಮಗಳಿಗೆ ಐದು ವರ್ಷ. ಅದೋ, ಮೂರನೆಯ ಸಾಲಿನಲ್ಲಿ ಅಜ್ಜಿಯ ಪಕ್ಕ ಕುಳಿತಿದ್ದಾಳೆ. ಬೆಳಿಗ್ಗೆ ನೆಲದ ಮೇಲೆ ಕುಳಿತು ಬೆರಳಿಟ್ಟು ಎಣಿಸಿದಳು. ಎಲ್ಲವೂ ಸರಿಯಾಗಿ ಬಂತು. ಒಂಬತ್ತರ ಪುಟದಲ್ಲಿ "ಎಂಟು" ಎಂದಳು.

ನಾನು ಕುರ್ಚಿಯಿಂದ ಏಳಲಿಲ್ಲ. ಪುಟವನ್ನು ನೋಡಲಿಲ್ಲ. ಇನ್ನೊಂದು ಸಲ ಎಣಿಸು ಎಂದೆ. ಮತ್ತೆ ಎಂಟು ಎಂದಳು. ಅವಸರ ಮಾಡಬಾರದು, ಪದ್ಯದಲ್ಲೇ ಒಂಬತ್ತು ಅಂತ ಇದೆಯಲ್ಲ, ಸರಿಯಾಗಿ ಎಣಿಸು ಎಂದೆ. ದನಿಯನ್ನೂ ಸ್ವಲ್ಪ ಏರಿಸಿದೆ. ಮೂರನೆಯ ಸಲ ಅವಳು ದೋಣಿಗಳನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ಮುಖ ನೋಡಿಕೊಂಡೇ "ಒಂಬತ್ತು" ಎಂದಳು. ನಾನು ಜಾಣೆ ಎಂದೆ.

ಸಭಿಕರೇ, ನಾನು ಜಾಣೆ ಎಂದೆ.

ಅವಳು ಎದ್ದು ಹೋದ ಮೇಲೆ ಪುಸ್ತಕ ಕೈಗೆತ್ತಿಕೊಂಡೆ. ಎಂಟು. ಮತ್ತೆ ಎಣಿಸಿದೆ, ಎಂಟು. ಎರಡು ಕೈಯಿಂದ ಒತ್ತಿ ಹಿಡಿದು ಬಗ್ಗಿ ನೋಡಿದರೆ ಹೊಲಿಗೆಯ ಆಳದಲ್ಲಿ ದಾರದಷ್ಟು ಕೆಂಪು ಕಂಡಿತು. ಎರಡು ಸಾವಿರ ಪ್ರತಿಗಳಲ್ಲೂ ಹೀಗೆಯೇ. ನಾಳೆ ಅವು ಎರಡು ಸಾವಿರ ಮಕ್ಕಳ ಮನೆಗೆ ಹೋಗಲಿವೆ. ಅಧ್ಯಕ್ಷರು ನನ್ನತ್ತ ತಿರುಗಿ ನೋಡುತ್ತಿದ್ದಾರೆ. ಕ್ಷಮಿಸಿ, ತಮಗೆ ಮೊದಲೇ ಹೇಳಬೇಕಿತ್ತು. ಮೂರು ಸಲ ಫೋನ್ ಕೈಗೆತ್ತಿಕೊಂಡೆ, ಮೂರು ಸಲವೂ ಕೆಳಗಿಟ್ಟೆ.

ಈ ಕೈಯಲ್ಲಿರುವ ಹಾಳೆಯಲ್ಲಿ ಬೇರೆಯದೇ ಭಾಷಣ ಇದೆ. ಹೊಲಿಗೆಯವರ ಅಜಾಗರೂಕತೆಯಿಂದ ಎಂಬ ಒಂದು ವಾಕ್ಯವೂ ಇದೆ. ಚೆನ್ನಾಗಿ ಬರೆದಿದ್ದೇನೆ, ಒಂದು ಅಕ್ಷರದ ತಪ್ಪೂ ಇಲ್ಲ. ಅದನ್ನು ಓದುವುದಿಲ್ಲ. ಹೊಲಿಯುವವರು ಹೊಲಿಯಬೇಕಾದ ಕಡೆಯೇ ಹೊಲಿದಿದ್ದಾರೆ. ಚಿತ್ರ ಬರೆದವಳು ಎಚ್ಚರಿಸಿದ್ದಳು. ತಪ್ಪು ನನ್ನದು. ಒಂದು ತಪ್ಪು ಒಪ್ಪು ಪಟ್ಟಿ ಅಂಟಿಸಿದರೆ ಆಯಿತಲ್ಲ ಎಂದು ಯಾರಾದರೂ ಕೇಳಬಹುದು. ದೊಡ್ಡವರ ಪುಸ್ತಕಕ್ಕೆ ಎಷ್ಟೋ ಪಟ್ಟಿ ಅಂಟಿಸಿದ್ದೇನೆ. ಮೂರು ವರ್ಷದ ಮಗು ಅದನ್ನು ಓದುತ್ತದೆಯೇ? ಅದು ಎಂಟು ಅನ್ನುತ್ತದೆ. ಮನೆಯಲ್ಲಿ ನನ್ನಂಥ ಒಬ್ಬರು ಕುರ್ಚಿಯಿಂದ ಏಳದೆ, ಸರಿಯಾಗಿ ಎಣಿಸು ಅನ್ನುತ್ತಾರೆ.

ಹೆದರಿಕೆ ಏನೆಂದು ಹೇಳಿಬಿಡುತ್ತೇನೆ. ಇಲ್ಲಿಗೆ ಬರಲು ಹೊರಟಾಗ ಮೊಮ್ಮಗಳು ತನ್ನ ಹೊಸ ಅಂಗಿಯ ಗುಂಡಿಗಳನ್ನು ತೋರಿಸಿದಳು. ಯಾವುದೇ ಆಗಲಿ, ಎಷ್ಟಿವೆ ಎಂದು ನಿನ್ನೆಯವರೆಗೆ ಅವಳೇ ಹೇಳುತ್ತಿದ್ದಳು. ಇವತ್ತು, "ಇದು ಎಷ್ಟು ಅಜ್ಜ? ನೀನೇ ಹೇಳು" ಎಂದಳು. ಪುಸ್ತಕ ಮತ್ತೆ ಅಚ್ಚಾದೀತು. ಮಗುವಿಗೆ ತನ್ನ ಕಣ್ಣಿನ ಮೇಲೆ ಇದ್ದ ನಂಬಿಕೆ ಹೋದರೆ ಅದನ್ನು ಯಾವ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಲಿ?

ಆದ್ದರಿಂದ ಶಿಕ್ಷಣಾಧಿಕಾರಿಗಳು ಇವತ್ತು ಆ ರಿಬ್ಬನ್ ಬಿಚ್ಚಬಾರದೆಂದು ಕೈಮುಗಿದು ಕೇಳುತ್ತೇನೆ. ಸೊಸೆಯೇ, ನನ್ನ ಮೊಂಡುತನಕ್ಕೆ ಕ್ಷಮೆ ಇರಲಿ. ಇನ್ನೊಂದು ಮಾತು, ಮೂರನೆಯ ಸಾಲಿಗೆ. ಪುಟ್ಟಿ, ಎದ್ದು ನಿಲ್ಲು. ಬೆಳಿಗ್ಗೆ ದೋಣಿ ಎಂಟೇ ಇತ್ತು. ನೀನು ಎಣಿಸಿದ್ದು ಸರಿ. ಅಜ್ಜ ಎಣಿಸಿಯೇ ಇರಲಿಲ್ಲ. ಈಗ ಇಲ್ಲಿ, ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂತವರು ಎಷ್ಟು ಜನ, ನೋಡಿ ಹೇಳು. ಹೆದರಬೇಡ.

ನನ್ನ ಮುಖ ನೋಡಬೇಡ ಕಂದ, ಕುರ್ಚಿ ನೋಡು.

ಎಣಿಸುತ್ತಿದ್ದಾಳೆ. ಬೆರಳು ಮಡಿಸುತ್ತಿದ್ದಾಳೆ. ದಯವಿಟ್ಟು ಯಾರೂ ಹೇಳಿಕೊಡಬೇಡಿ. ನಾಲ್ಕು ಬೆರಳು ತೋರಿಸಿದಳು.

ಅಧ್ಯಕ್ಷರು, ಅಧಿಕಾರಿಗಳು, ಮುಖ್ಯೋಪಾಧ್ಯಾಯಿನಿಯವರು, ಸೊಸೆ, ನಾನು. ಐದಲ್ಲವೇ ಎನ್ನಲು ಬಾಯಿ ತೆರೆದಿದ್ದೆ, ಸಭಿಕರೇ. ತೆರೆದೇಬಿಟ್ಟಿದ್ದೆ. ತಿರುಗಿ ನೋಡಿದರೆ ನನ್ನ ಕುರ್ಚಿ ಖಾಲಿ ಇದೆ. ನಾನು ಇಲ್ಲಿ ನಿಂತಿದ್ದೇನೆ.

ನಾಲ್ಕೇ, ಪುಟ್ಟಿ. ನೋಡಿ ಹೇಳಿದ್ದಕ್ಕೆ ನಿನಗೆ, ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮ್ಮೆಲ್ಲರಿಗೆ, ನನ್ನ ವಂದನೆಗಳು. ಇನ್ನು ಕುಳಿತುಕೊಳ್ಳುತ್ತೇನೆ. ನಮಸ್ಕಾರ.