ಕೂರದ ಕಾವಲುಗಾರ

ಸಭೆಯ ಅಧ್ಯಕ್ಷತೆ ವಹಿಸಿರುವ ಹಿರಿಯರಾದ ಕೃಷ್ಣರಾಜ ಅವರೇ, ಅವರ ಆ ಪಕ್ಕದಲ್ಲಿ ನನ್ನ ಕಡೆಯೊಂದು ಬಿಟ್ಟು ಉಳಿದೆಲ್ಲ ಕಡೆ ನೋಡುತ್ತಿರುವ ಇಂದಿನ ಸನ್ಮಾನಿತರಾದ ಹರಿದಾಸ ಅವರೇ, ಮುಂದಿನ ಸಾಲಿನಲ್ಲಿರುವ ಅವರ ಶ್ರೀಮತಿ ಕೌಸಲ್ಯಾ ಅವರೇ, ನಾನು ಏನು ಮಾತಾಡಿಬಿಡುತ್ತೇನೋ ಎಂದು ಸೆರಗು ಬಿಗಿಹಿಡಿದು ಕುಳಿತಿರುವ ನನ್ನ ಶ್ರೀಮತಿ ಪ್ರೇಮಮ್ಮನವರೇ, ಮತ್ತು ಉಪ್ಪಿಟ್ಟಿನ ವಾಸನೆ ಬಂದರೂ ಎದ್ದು ಹೋಗದಿರುವ ಚೆನ್ನೈ ವೆಸ್ಟ್ ಮಾಂಬಲಂನ ಕನ್ನಡ ಸಭಿಕರೇ,

ನಾನು ಅಂದಾನಿ. ಪುರಸೈವಾಕ್ಕಂನಲ್ಲಿ ಇಪ್ಪತ್ತಾರು ವರ್ಷದಿಂದ ಸ್ಟೀಲ್ ಪಾತ್ರೆ ಮಾರುತ್ತಿದ್ದೇನೆ. ಎಲ್ಲಿಗೆ ಹೋದರೂ ಮೊದಲು ಎಣಿಸುವುದು ನನ್ನ ರೋಗ. ಇಲ್ಲಿ ನೂರ ಇಪ್ಪತ್ತು ಕುರ್ಚಿ ತರಿಸಿದ್ದೇವೆಂದು ಕಾರ್ಯದರ್ಶಿಗಳು ಹೇಳಿದರು. ನನಗೆ ಸಿಕ್ಕಿದ್ದು ನೂರ ಹದಿನೇಳು. ಆ ಮೂರರ ವಿಚಾರ ಆಮೇಲೆ.

ಹರಿದಾಸರು ತೊಂಬತ್ತೊಂಬತ್ತರಲ್ಲಿ ನನ್ನ ಅಂಗಡಿಗೆ ಸ್ಟಾಕ್ ಬರೆಯಲು ಬಂದರು. ನಮ್ಮ ಸ್ಟಾಕ್ ಪುಸ್ತಕ ಮೊದಲಿನಿಂದಲೂ ಕನ್ನಡದಲ್ಲಿದೆ. ಭಾಷಾಭಿಮಾನ ಎಂದು ಕಳೆದ ವರ್ಷ ಇದೇ ವೇದಿಕೆಯಲ್ಲಿ ನನಗೆ ಹಾರ ಹಾಕಿದಿರಿ. ಹಾರ ಬೇಡ ಎನ್ನಲು ಮನಸ್ಸಾಗಲಿಲ್ಲ. ನಿಜ ಹೇಳುತ್ತೇನೆ, ಆ ಬೀದಿಯಲ್ಲಿ ಕನ್ನಡ ಓದುವವರಿಲ್ಲ. ನನ್ನ ಗೋದಾಮಿನಲ್ಲಿ ಏನಿದೆ, ಎಷ್ಟಿದೆ ಎಂದು ಪಕ್ಕದ ಅಂಗಡಿಯವರಿಗೂ ತಿಳಿಯಬಾರದು, ನನ್ನ ಕೆಲಸದವರಿಗೂ ತಿಳಿಯಬಾರದು. ಬೇರೆಯವರು ಬೀಗ ಹಾಕುತ್ತಾರೆ, ನಾನು ಕನ್ನಡ ಹಾಕುತ್ತೇನೆ. ಆ ಬೀಗ ತೆಗೆಯಬಲ್ಲವರು ಇಬ್ಬರೇ. ನಾನು, ಮತ್ತು ಹರಿದಾಸರು.

ಇಬ್ಬರಲ್ಲಿ ನಾನು ಯಾರನ್ನು ಅನುಮಾನಿಸಬೇಕು ಹೇಳಿ?

ಹರಿದಾಸರಿಗೆ ಒಂದು ಹುಚ್ಚು. ಕಂಪ್ಯೂಟರ್ ಪತ್ರಿಕೆಯ ಜೊತೆ ಸಿಡಿ ಬರುತ್ತದಲ್ಲ, ಅದರಲ್ಲಿ ಸಣ್ಣಸಣ್ಣ ಆಟಗಳಿರುತ್ತವೆ. ದೊಡ್ಡ ಕಂಪನಿಯ ಆಟಗಳಲ್ಲ, ಎಲ್ಲೋ ಒಬ್ಬನೇ ಮನೆಯಲ್ಲಿ ಕೂತು ಮಾಡಿದವು. ನಾವೆಲ್ಲ ಆಟದಲ್ಲಿ ಸೋತರೆ ಮತ್ತೆ ಆಡುತ್ತೇವೆ. ಇವರು ಸೋತರೆ, ‘ಈ ಗೋಡೆಯನ್ನು ಇಲ್ಲೇ ಯಾಕೆ ಇಟ್ಟ?’ ಎಂದು ಕೇಳುತ್ತಾರೆ. ಹಾಗೆ ಕೇಳಿಕೇಳಿಯೇ, ಯಾವ ತರಗತಿಗೂ ಹೋಗದೆ, ಹಳೆಯ ಪುಸ್ತಕವೊಂದನ್ನು ಇಟ್ಟುಕೊಂಡು ಪ್ರೋಗ್ರಾಂ ಬರೆಯಲು ಕಲಿತರು. ಇದೆಲ್ಲ ನನಗೆ ಗೊತ್ತಾಗಿದ್ದು ಈಚೆಗೆ. ಆಗ ಗೊತ್ತಿದ್ದದ್ದು ಇಷ್ಟೇ: ಈ ಮನುಷ್ಯ ಕೆಲಸ ಬಿಡುವ ಹೊತ್ತು, ಆರೂವರೆ ಆದರೆ ಬಾಗಿಲ ಕಡೆ ನೋಡುತ್ತಾನೆ.

ಬಾಗಿಲ ಕಡೆ ನೋಡುವವನನ್ನು ನಾನು ಸುಮ್ಮನೆ ಬಿಡುತ್ತೇನೆಯೇ? ‘ಹರಿದಾಸ್, ಆ ಇಡ್ಲಿ ತಟ್ಟೆ ಇನ್ನೊಂದ್ಸಲ ಎಣಿಸಿಬಿಡಿ’ ಎನ್ನುತ್ತಿದ್ದೆ. ಏಳಾಗುತ್ತಿತ್ತು, ಏಳೂವರೆಯಾಗುತ್ತಿತ್ತು. ಹೊರಡುವಾಗ ಚೀಲ ಬಿಚ್ಚಿ ತೋರಿಸಬೇಕು. ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಯಬೇಕು. ಯಾಕೆಂದರೆ ಮೂರಂತಸ್ತಿನ ಡಬ್ಬಿಯ ಕೆಳಗಿನ ಬಟ್ಟಲಲ್ಲಿ ನಾಲ್ಕು ಲೋಟ ಒಂದರೊಳಗೊಂದು ಸರಿಯಾಗಿ ಕೂರುತ್ತವೆ. ಮೇಲೆ ಸ್ವಲ್ಪ ಮೊಸರನ್ನ ಉಳಿಸಿಕೊಂಡರೆ ಯಾವ ಸಾಹುಕಾರನೂ ಕೈಹಾಕುವುದಿಲ್ಲ. ಇದು ನಿಮಗೆ ಹೇಗೆ ಗೊತ್ತು ಎನ್ನುತ್ತೀರಾ? ನಾನೂ ಮೊದಲು ಇನ್ನೊಬ್ಬರ ಅಂಗಡಿಯಲ್ಲೇ ಕೆಲಸಕ್ಕಿದ್ದವನು. ಮುಂದಕ್ಕೆ ಹೋಗೋಣ.

ಏಪ್ರಿಲ್‌ನಲ್ಲಿ ಒಂದು ದಿನ ಸ್ಟಾಕ್ ಪುಸ್ತಕವನ್ನು ಹಿಂದಿನಿಂದ ತಿರುವಿದೆ. ಹಿಂದಿನ ಹಾಳೆಗಳಲ್ಲಿ ಹರಿದಾಸರ ಅಕ್ಷರ. ಮೊದಲ ಹಾಳೆಯಲ್ಲಿ ನನ್ನ ಗೋದಾಮಿನ ನಕ್ಷೆ! ಕೆಳಗೆ ಹೀಗಿತ್ತು: ‘ಕಾವಲುಗಾರ ಬಲಕ್ಕೆ ಹನ್ನೆರಡು ಹೆಜ್ಜೆ ನಡೆಯುತ್ತಾನೆ. ಕುಕ್ಕರ್ ಕಪಾಟಿನ ಹತ್ತಿರ ನಿಲ್ಲುತ್ತಾನೆ. ಹಿಂದೆ ನೋಡುತ್ತಾನೆ. ಕೆಮ್ಮುತ್ತಾನೆ. ಕೆಮ್ಮಿದ ಮೇಲೆ ನಾಲ್ಕು ಸೆಕೆಂಡ್ ಅವಕಾಶ. ಬಾಗಿಲು ಸೊನ್ನೆಯಾದರೆ ಮುಚ್ಚಿದೆ, ಒಂದಾದರೆ ತೆರೆದಿದೆ. ಒಟ್ಟು ಮೂರು ಜೀವ.’

ನಾನು ಎದ್ದು ನಡೆದು ನೋಡಿದೆ. ಕುಕ್ಕರ್ ಕಪಾಟಿಗೆ ಸರಿಯಾಗಿ ಹನ್ನೆರಡು ಹೆಜ್ಜೆ. ಅಲ್ಲಿ ನಿಂತೆ. ಹಿಂದೆ ನೋಡಿದೆ. ಕೆಮ್ಮು ಬಂತು.

ನೀವು ನಗುತ್ತೀರಿ. ನಿಮ್ಮ ಗೋದಾಮಲ್ಲವಲ್ಲ! ಇವರ ತಂಡದಲ್ಲಿ ಮೂವರಿದ್ದಾರೆ, ಜೀವ ಕೊಡಲೂ ಸಿದ್ಧರಾಗಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಒಂದು ವಾರ ಹದಿಮೂರು ಹೆಜ್ಜೆ ನಡೆದೆ. ಕೆಮ್ಮನ್ನು ನುಂಗಿದೆ. ಆಮೇಲೆ, ಹರಿದಾಸರನ್ನು ಅಂಗಡಿಯಲ್ಲಿ ಕೂರಿಸಿ, ನಾನು ಇಲ್ಲಿಗೆ, ವೆಸ್ಟ್ ಮಾಂಬಲಂನ ಅವರ ಮನೆಗೆ ಬಂದೆ.

‘ಏನಮ್ಮಾ, ನಿಮ್ಮ ಮನೆಯವರು ಸಂಜೆ ಹೊತ್ತು ಎಲ್ಲಿಗಾದರೂ ಹೋಗ್ತಾರಾ?’ ಎಂದು ಕೇಳಿದೆ.

ಕೌಸಲ್ಯಾ ಅವರು ಕಾಫಿ ಕೊಟ್ಟು ಹೇಳಿದರು: ‘ಎಲ್ಲಿಗೂ ಹೋಗಲ್ಲ ಸಾರ್. ಮನೇಲೇ ಇರ್ತಾರೆ, ಆದ್ರೆ ನಮ್ ಜೊತೆ ಇರಲ್ಲ. ಗೋದಾಮಲ್ಲೇ ಇರ್ತಾರೆ.’

‘ಯಾವ ಗೋದಾಮು?’

‘ನಿಮ್ದೇ ಸಾರ್. ಆ ಕಾವಲುಗಾರನ್ನ ದಾಟೋಕೇ ಆಗ್ತಿಲ್ಲ ಅಂತ ನಿನ್ನೆ ಅರ್ಧ ಚಪಾತಿ ಬಿಟ್ಟು ಎದ್ದ್‌ಬಿಟ್ರು. ನೀವಾದ್ರೂ ಸ್ವಲ್ಪ ಹೇಳಿ.’

ಹೆಂಡತಿಯೂ ಸೇರಿಕೊಂಡಿದ್ದಾಳೆ ಎಂದುಕೊಂಡೆ. ಕೌಸಲ್ಯಾ ಅವರೇ, ನಿಮ್ಮ ಕಾಫಿ ಕುಡಿದೇ ಹಾಗೆ ಅಂದುಕೊಂಡೆ.

ಮಾರನೆಯ ದಿನ ಆರೂವರೆಗೆ, ಗಿರಾಕಿಗಳು ತುಂಬಿರುವಾಗ, ‘ಕಳ್ಳತನದ ಪ್ಲಾನು ನನ್ನ ಪುಸ್ತಕದಲ್ಲೇ ಬರೀತೀಯಾ?’ ಎಂದು ಕೂಗಿದೆ. ಆರು ವರ್ಷದಲ್ಲಿ ಅವರನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ. ಅವರ ಚೀಲವನ್ನು ಗಲ್ಲಾದ ಮೇಲೆ ಸುರಿದೆ. ಡಬ್ಬಿ, ಬಾಚಣಿಗೆ, ಒಂದು ಸಿಡಿ. ಹರಿದಾಸರು ಒಂದೊಂದಾಗಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು, ‘ಸಾರ್, ಕೊನೇ ಹಾಳೆ ನೀವು ಓದಿಲ್ಲ’ ಎಂದರು. ಹೋದರು. ಆರು ತಿಂಗಳಾಯಿತು, ಬಂದಿಲ್ಲ.

ಓದಿದೆ, ಸಭಿಕರೇ. ಪೊಲೀಸ್ ಠಾಣೆಯಲ್ಲಿ ಓದಿದೆ. ಏಳು ಹಾಳೆ ಹರಿದುಕೊಂಡು ಹೋಗಿದ್ದೆ. ಇನ್ಸ್‌ಪೆಕ್ಟರಿಗೆ ಕನ್ನಡ ಬರಬೇಕಲ್ಲ! ನಾನೇ ಹಾಕಿದ ಬೀಗವನ್ನು ನಾನೇ ತೆಗೆಯಬೇಕಾಯಿತು. ಒಂದೊಂದು ಸಾಲನ್ನೂ ತಮಿಳಿಗೆ ತಿರುಗಿಸಿ ಗಟ್ಟಿಯಾಗಿ ಹೇಳಿದೆ. ಏಳನೆಯ ಹಾಳೆಯಲ್ಲಿ ಎರಡೇ ಸಾಲು: ‘ಆರೂವರೆಗೆ ಬಾಗಿಲು ದಾಟಿದರೆ ಗೆಲುವು. ಕೈಯಲ್ಲಿ ಏನೂ ಇರಬಾರದು.’

ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟರು. ‘ಕೈಯಿಲ ಒಣ್ಣುಮೇ ಇಲ್ಲೈಯೇ ಸಾರ್, ಅಪ್ಪುರಂ ಎನ್ನ ತಿರುಟ್ಟು?’ ಎಂದರು. ಕೈಯಲ್ಲಿ ಏನೂ ಇಲ್ಲವಲ್ಲ, ಮತ್ತೆ ಎಂಥ ಕಳ್ಳತನ? ಅಷ್ಟು ಪಾತ್ರೆಗಳಿರುವ ಅಂಗಡಿಯಲ್ಲಿ ಈ ಮನುಷ್ಯನಿಗೆ ಬೇಕಾಗಿದ್ದದ್ದು ಬಾಗಿಲೊಂದೇ.

ಆ ಏಳು ಹಾಳೆಯಲ್ಲಿದ್ದದ್ದು ಹರಿದಾಸರು ಮಾಡುತ್ತಿದ್ದ ಕಂಪ್ಯೂಟರ್ ಆಟ; ಅದು ಈಗ ಅದೇ ಪತ್ರಿಕೆಯ ಸಿಡಿಯಲ್ಲಿ ಬಂದಿದೆ. ಅದಕ್ಕೇ ಈ ಸನ್ಮಾನ. ನಾನೂ ಪೋರೂರಿನಲ್ಲಿರುವ ನನ್ನ ಮಗಳು ರಚನಾಳ ಮನೆಯಲ್ಲಿ ಕೂತು ಆಡಿದೆ. ಕಾವಲುಗಾರನ ಮೀಸೆ ನನ್ನದೇ, ಪಂಚೆ ನನ್ನದೇ. ಹನ್ನೊಂದು ಭಾನುವಾರದಿಂದ ಆಡುತ್ತಿದ್ದೇನೆ... ಕ್ಷಮಿಸಿ, ಸಿಡಿ ಬಂದು ಎರಡೇ ತಿಂಗಳಾದದ್ದು, ಎಂಟು ಭಾನುವಾರ. ಮೊದಲ ಸಲ ಲೆಕ್ಕ ತಪ್ಪಿದೆ. ಒಂದು ಸಲವೂ ಆ ಮನುಷ್ಯನನ್ನು ದಾಟಲು ನನಗಾಗಿಲ್ಲ. ಪ್ರೇಮಮ್ಮನವರು ಮೊದಲ ದಿನವೇ ಗೆದ್ದರು. ಹೇಗೆ ಎಂದು ಕೇಳಿದರೆ, ‘ಮೂವತ್ತು ವರ್ಷದಿಂದ ಅಭ್ಯಾಸ ರೀ’ ಎಂದರು.

ನೀವು ಚಪ್ಪಾಳೆ ತಟ್ಟಿದ್ದು ಸರಿಯೇ. ಆದರೆ ನಾನು ಸೋತುಸೋತು ಒಂದು ವಿಷಯ ಕಂಡೆ. ಆ ಗೋದಾಮಿನಲ್ಲಿ ಕುಕ್ಕರ್ ಕಪಾಟಿನ ಪಕ್ಕ ನನ್ನ ಮರದ ಸ್ಟೂಲನ್ನೂ ಹರಿದಾಸರು ಬಿಡಿಸಿದ್ದಾರೆ. ಒಂಬತ್ತು ಹಂತದ ಆಟ. ಒಂದು ಹಂತದಲ್ಲೂ ಕಾವಲುಗಾರ ಅದರ ಮೇಲೆ ಕೂರುವುದಿಲ್ಲ. ಅವನೂ ಅಂಗಡಿಯಿಂದ ಹೊರಗೆ ಹೋಗುವುದಿಲ್ಲ.

ಹರಿದಾಸರೇ, ಶಾಲಿನ ಜೊತೆ ಈ ಲಕೋಟೆಯನ್ನೂ ತೆಗೆದುಕೊಳ್ಳಿ. ನಿಮ್ಮ ಏಳು ಹಾಳೆಗಳಿವೆ. ಎರಡು ಸಲ ಎಣಿಸಿದ್ದೇನೆ, ನೀವೂ ಎಣಿಸಿಕೊಳ್ಳಿ. ಅಂದು ಗಿರಾಕಿಗಳ ಮುಂದೆ ಆಡಿದ ಮಾತನ್ನು ಇಂದು ನಮ್ಮ ಜನರ ಮುಂದೆ ಹಿಂತೆಗೆದುಕೊಳ್ಳುತ್ತೇನೆ. ತಪ್ಪು ನನ್ನದು. ಕೆಲಸಕ್ಕೆ ಮರಳಿ ಬನ್ನಿ ಎಂದು ಕೇಳುವ ಮುಖ ನನಗಿಲ್ಲ. ಆದರೂ ಹೇಳಿಟ್ಟಿರುತ್ತೇನೆ: ಸೋಮವಾರದಿಂದ ಸಂಜೆ ಆರೂವರೆಗೆ ಸರಿಯಾಗಿ ನಾನು ಆ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿರುತ್ತೇನೆ. ನೀವು ಬಂದರೂ ಕೂತಿರುತ್ತೇನೆ, ಬರದಿದ್ದರೂ ಕೂತಿರುತ್ತೇನೆ. ನಿಮ್ಮ ಹಾಳೆಯ ಲೆಕ್ಕದಲ್ಲಿ ಬಾಗಿಲು ಒಂದಾಗಿರುತ್ತದೆ.

ಆ ಮೂರು ಕುರ್ಚಿಗಳು ಸಿಕ್ಕಿದವು, ಕಾರ್ಯದರ್ಶಿಗಳೇ. ವೇದಿಕೆಯ ಮೇಲೇ ಇವೆ. ಅಧ್ಯಕ್ಷರದೊಂದು, ಹರಿದಾಸರದೊಂದು, ನನ್ನದೊಂದು. ಸಭೆಯನ್ನೆಲ್ಲ ಎಣಿಸಿದವನು ನನ್ನ ಕುರ್ಚಿಯನ್ನೇ ಬಿಟ್ಟಿದ್ದೆ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ವಂದನೆಗಳು. ಹೋಗಿ ಕೂರುತ್ತೇನೆ.

ನಮಸ್ಕಾರ.