ಬೆಲ್ಟಿನಲ್ಲಿದ್ದ ಐದು ಗುಂಡು

ಮದ್ದುಗುಂಡಿನ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಬ್ಯಾಂಕಿನ ಗಾರ್ಡು ಕಾಲು ಬದಲಿಸುತ್ತಲೇ ಇದ್ದ. ಜೊತೆಗೆ ಅವನ ಭಾವಮೈದುನ, ಮಾಜಿ ಸೈನಿಕ.

“ಏನ್ ಭಾವ, ರೈಫಲ್ ಗುಂಡೆಲ್ಲ ಹಸಿರಾಗಿದೆ! ಎಲ್ಲಿಟ್ಟಿದ್ರಿ?”

“ಇದೇ ಚರ್ಮದ ಬೆಲ್ಟಲ್ಲಿ, ಹನ್ನೊಂದು ವರ್ಷ.”

“ಚರ್ಮ ಹಿತ್ತಾಳೆನ ತಿಂದುಬಿಡುತ್ತೆ. ತೇವ ತಾಗದ ಹಾಗೆ ಡಬ್ಬೀಲಿಡಬೇಕಿತ್ತು.”

“ಡಬ್ಬೀಲಿಟ್ರೆ ಕಳ್ಳರಿಗೆ ಕಾಣೋದು ಹೇಗೆ?”

“ಇವು ಸಿಡಿಯೋದೇ ಅನುಮಾನ. ಸಿಡಿದ್ರೂ ನಿಮ್ಮ ಮುಖಕ್ಕೇ!”

“ಮೆಲ್ಲಗೆ ಮಾತಾಡೋ, ಗೋಡೆಗೂ ಕಿವಿ ಇರುತ್ತೆ.”

“ಹೊಸದನ್ನಾದ್ರೂ ಬಂದೂಕಿನ ನಳಿಗೆ ಮೇಲಿರೋ ಅಳತೆ ನಂಬರ್ ನೋಡಿ, ಅದಕ್ಕೆ ಹೊಂದೋದನ್ನೇ ತಗೊಳ್ಳಿ.”

ಅಷ್ಟರಲ್ಲಿ ಅಂಗಡಿಯವನು ಕಿಟಕಿ ಎಳೆದುಕೊಂಡ. “ಸ್ಟಾಕ್ ಮುಗೀತು. ಸೋಮವಾರ ಬನ್ನಿ.”

“ಹತ್ತಕ್ಕೆ ನನ್ನ ಡ್ಯೂಟಿ ಕಣೋ,” ಎಂದ ಗಾರ್ಡು.

ಗಾರ್ಡು ಐದೂ ಗುಂಡನ್ನು ತೋಳಿಗೆ ಉಜ್ಜಿ, ಇನ್ನೂ ಹೊಳೆಯುತ್ತಿದ್ದ ಬದಿಯನ್ನು ಹೊರಗೆ ತಿರುಗಿಸಿ, ಬೆಲ್ಟಿಗೆ ಸಿಕ್ಕಿಸಿಕೊಂಡು ಬ್ಯಾಂಕಿನ ಕಡೆ ಹೊರಟ.