ಬಾಣಂತಿ ಇವತ್ತು ನಕ್ಕಳಂತೆ

ಲಸಿಕೆ ಹಾಕಿಸುವ ಸಾಲಿನಲ್ಲಿ ನನ್ನ ಮುಂದೆ ಅಕ್ಕ ತಂಗಿಯರಿಬ್ಬರು ನಿಂತಿದ್ದರು. ಅಕ್ಕನ ತೋಳಲ್ಲಿ ಹಸುಗೂಸು ಮೊಮ್ಮಗಳು.

"ಸೊಸೆ ಬರಲಿಲ್ವಾ ಅಕ್ಕ?"

"ಬಂದು ಏನ್ ಮಾಡ್ತಾಳೆ? ಹಾಲು ಕುಡಿಸೋಕೂ ಅಳು, ಬಟ್ಟೆ ಮಡಚೋಕೂ ಅಳು. ನಾವೇನು ಹೆತ್ತಿಲ್ವಾ?"

"ನಿದ್ದೆ ಮಾಡ್ತಾಳಾ?"

"ಈ ಪುಟ್ಟ ರಾಣಿ ಬಿಟ್ರೆ ತಾನೆ! ರಾತ್ರಿಯೆಲ್ಲಾ ಎತ್ಕೊಂಡು ಓಡಾಡ್ತಾಳೆ. ನನ್ನ ಮಗ ಪಾಪ, ಕೆಲಸಕ್ಕೆ ಹೋಗೋನು, ಹಜಾರದಲ್ಲಿ ಮಲಗ್ತಾನೆ. ಇವಳು ಫೋನಲ್ಲಿ ಅವರಮ್ಮನ ಹತ್ರ ಗೋಳು ಹೇಳ್ಕೊಳ್ತಿದ್ಳು. ಫೋನೇ ಕಿತ್ಕೊಂಡೆ."

ಅಕ್ಕ ಮಗುವನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡಳು.

"ಈಗ ದಾರಿಗೆ ಬಂದಿದಾಳೆ ಬಿಡು. ಇವತ್ತು ಬೆಳಿಗ್ಗೆ ತಲೆ ಬಾಚ್ಕೊಂಡು, 'ಅತ್ತೆ, ನಾನಿಲ್ದಿದ್ರೂ ಪಾಪೂನ ಚೆನ್ನಾಗಿ ನೋಡ್ಕೊಳ್ತೀರಲ್ವಾ?' ಅಂದ್ಳು. ನಿನಗಿಂತ ಚೆನ್ನಾಗೇ ನೋಡ್ಕೊಳ್ತೀನಿ ಹೋಗೇ ಅಂದೆ. 'ಅಷ್ಟು ಸಾಕು' ಅಂತ ನಕ್ಕಳು ಕಣೇ! ಹೆರಿಗೆ ಆದ್ಮೇಲೆ ಇವತ್ತೇ ನಕ್ಕಿದ್ದು."

ಮಗುವಿನ ಟೋಪಿ ತಂಗಿಯ ಕೈಯಿಂದ ಕೆಳಗೆ ಬಿತ್ತು.

"ಮನೇಲಿ ಈಗ ಯಾರಿದಾರೆ?"

"ಯಾರೂ ಇಲ್ಲ. ಒಬ್ಬಳೇ ಮಲಗ್ತೀನಿ, ಬಾಗಿಲು ಎಳ್ಕೊಂಡು ಹೋಗಿ ಅಂದ್ಳು."

"ಅಕ್ಕಾ, ಫೋನ್ ಮಾಡು ಅವಳಿಗೆ! ಈಗಲೇ!"

"ಯಾವುದಕ್ಕೆ ಮಾಡ್ಲಿ? ಅವಳ ಫೋನು ನನ್ನ ಚೀಲದಲ್ಲೇ ಇದೆಯಲ್ಲೇ."

"ನಡಿ ಮನೆಗೆ!"

"ಸರದಿ ಬಂತು, ಸೂಜಿ ಹಾಕಿಸ್ಕೊಂಡೇ..."

"ಸುಡ್ಲಿ ನಿನ್ನ ಸರದಿ!"

ತಂಗಿ ಆಗಲೇ ಮೆಟ್ಟಿಲಿಳಿದು ಓಡುತ್ತಿದ್ದಳು. ಅಕ್ಕ ಮಗುವನ್ನು ಅವುಚಿಕೊಂಡು ಅವಳ ಹಿಂದೆ ಏದುಸಿರು ಬಿಡುತ್ತಾ ಹೋದಳು. ಗೇಟು ದಾಟುವವರೆಗೂ ಅವಳ ದನಿ ಕೇಳುತ್ತಿತ್ತು.

"ನಾನೇನೇ ಅಂಥದ್ದು ಅಂದೆ? ನೋಡ್ಕೊಳ್ತೀನಿ ಅಂತ ತಾನೇ ಅಂದಿದ್ದು?"